ಮೈನಸ್ ಮೀಮಾಂಸೆ

ಬ್ಯಾಂಕ್ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹಣ ಹೊರಗೆ ಹೋದಾಗ ಬಾಕಿ ಅಂಕಿಯ ಎಡಗಡೆ ಒಂದು ಸಣ್ಣ ಅಡ್ಡಗೆರೆ ಮೂಡುತ್ತದೆ. ಇದಕ್ಕೆ ಮೈನಸ್ ಎಂದು ಹೆಸರು. ಕೆಲವು ಪಾಸ್‌ಬುಕ್‌ಗಳಲ್ಲಿ ಅದು ಗೆರೆಯ ವೇಷ ಬಿಟ್ಟು ಅಂಕಿಯ ಬಲಕ್ಕೆ ‘ಡಿಆರ್’ ಎಂಬ ಎರಡಕ್ಷರವಾಗಿ ನಿಲ್ಲುತ್ತದೆ. ಅದನ್ನು ಡಾಕ್ಟರ್ ಎಂದು ಓದಿಕೊಂಡು ಹಿಗ್ಗುವವರೂ ಉಂಟು.

ಈ ವಿದ್ಯೆಯ ಸಿದ್ಧಾಂತ ಭಾಗವನ್ನು ಭಾರತೀಯರು ಬಹಳ ಹಿಂದೆಯೇ ಮುಗಿಸಿಟ್ಟಿದ್ದರು. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಸಂಖ್ಯೆಗಳನ್ನು ಧನ, ಋಣ ಎಂದು ವಿಂಗಡಿಸಿ, ಸೊನ್ನೆಯಿಂದ ಧನವನ್ನು ಕಳೆದರೆ ಋಣ ಉಳಿಯುತ್ತದೆ ಎಂದು ನಿಯಮ ಮಾಡಿದ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದೂ ಅವನ ನಿಯಮವೇ. ಎರಡು ಬ್ಯಾಂಕುಗಳಲ್ಲಿ ಮೈನಸ್ ಇಟ್ಟುಕೊಂಡು ಅದನ್ನು ಪರೀಕ್ಷಿಸಿದವರಿಗೆ ಫಲ ಸಿಕ್ಕಿಲ್ಲ. ಕನ್ನಡ ನೆಲದ ಕಾಣಿಕೆ ಇನ್ನೂ ಆಳವಾದದ್ದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಋಣಸಂಖ್ಯೆಗೆ ವರ್ಗಮೂಲವೇ ಇಲ್ಲ ಎಂದುಬಿಟ್ಟ. ಪಾಸ್‌ಬುಕ್ ಹಿಡಿದು ಕೌಂಟರಿನಿಂದ ಕೌಂಟರಿಗೆ ಮೈನಸ್ಸಿನ ಮೂಲ ವಿಚಾರಿಸುತ್ತ ಅಲೆಯುವ ಗ್ರಾಹಕ ಸಂಜೆ ನಾಲ್ಕರ ಹೊತ್ತಿಗೆ ತಲುಪುವ ತೀರ್ಮಾನವೂ ಇದೇ. ಋಷಿಮೂಲ, ನದೀಮೂಲಗಳ ಸಾಲಿಗೆ ಇದನ್ನೂ ಸೇರಿಸಿಬಿಡುವುದು ಒಳ್ಳೆಯದು.

ಪ್ರಯೋಗ ಭಾಗ ಮಾತ್ರ ಸ್ಕಾಟ್ಲೆಂಡಿನದು. 1728ರಲ್ಲಿ ಎಡಿನ್‌ಬರೋದ ವ್ಯಾಪಾರಿ ವಿಲಿಯಂ ಹಾಗ್‌ಗೆ ತನ್ನ ಖಾತೆಯಲ್ಲಿ ಇಲ್ಲದ 1,000 ಪೌಂಡ್‌ವರೆಗೆ ತೆಗೆಯಲು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಪ್ಪಿಗೆ ಕೊಟ್ಟಿತು. ಓವರ್‌ಡ್ರಾಫ್ಟಿನ ವಂಶಾವಳಿ ಅಲ್ಲಿಂದ ಶುರು.

ಮೈನಸ್ಸಿನಲ್ಲಿ ಎರಡು ಜಾತಿ. ಕೇಳಿ ಪಡೆದದ್ದು ಒಂದು, ಕೇಳದೆ ಬಂದದ್ದು ಇನ್ನೊಂದು. ಮಂಡಿ ವ್ಯಾಪಾರಿಯ ಖಾತೆಯಲ್ಲಿ ಅದಕ್ಕೆ ‘ಓಡಿ ಲಿಮಿಟ್’ ಎಂಬ ಗೌರವದ ಹೆಸರಿದೆ. ಅದು ಎಷ್ಟು ದೊಡ್ಡದೋ ಮ್ಯಾನೇಜರ್ ತರಿಸುವ ಕಾಫಿಯೂ ಅಷ್ಟು ಬೇಗ ಬರುತ್ತದೆ. ಮೇಷ್ಟರ ಉಳಿತಾಯ ಖಾತೆಯಲ್ಲಿ ಅದೇ ಗೆರೆ ಮೂಡಿದರೆ ಕಾಫಿ ಬರುವುದಿಲ್ಲ, ಎಸ್ಸೆಮ್ಮೆಸ್ ಬರುತ್ತದೆ. ಜನಧನ ಖಾತೆಯವರಿಗೆ 10,000 ರೂಪಾಯಿವರೆಗೆ ಓಡಿ ಕೊಡುವ ಅವಕಾಶವಿದೆ. ಇದು ಎರಡು ಜಾತಿಗಳ ನಡುವಿನ ಸಂಕರ.

ಎರಡನೆಯ ಜಾತಿಯ ಹುಟ್ಟು ಹೆಚ್ಚು ಸ್ವಾರಸ್ಯದ್ದು. ಕನಿಷ್ಠ ಶೇಷ ಇಲ್ಲವೆಂಬ ದಂಡವೊಂದರಿಂದಲೇ ಉಳಿತಾಯ ಖಾತೆಯನ್ನು ಮೈನಸ್ಸಿಗೆ ತಳ್ಳಕೂಡದು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮುಂಬಾಗಿಲು ಹೀಗೆ ಮುಚ್ಚಿತು. ಆದರೆ ಬ್ಯಾಂಕಿನ ಎಲ್ಲ ಚಾರ್ಜುಗಳ ಹೆಸರೂ ‘ಕನಿಷ್ಠ ಶೇಷದ ದಂಡ’ ಅಲ್ಲ. ಒಂದು ಖಾತೆಯಲ್ಲಿ 212 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಐದನೇ ತಾರೀಕು 3,400 ರೂಪಾಯಿಯ ಕಂತು ಬಂದು ಕದ ತಟ್ಟಿ ಬರಿಗೈಯಲ್ಲಿ ವಾಪಸು ಹೋಗುತ್ತದೆ. ತಟ್ಟಿದ್ದಕ್ಕೆ ಚಾರ್ಜು 250, ಅದರ ಮೇಲೆ ಶೇ. 18 ಜಿಎಸ್‌ಟಿ 45, ಒಟ್ಟು 295. ದುಡ್ಡಿಲ್ಲ ಎಂಬುದಕ್ಕೆ ಹಾಕಿದ ದಂಡವನ್ನು ಆ ಇಲ್ಲದ ದುಡ್ಡಿನಿಂದಲೇ ವಸೂಲು ಮಾಡಿದ ಮೇಲೆ ಉಳಿಯುವುದು ಮೈನಸ್ 83. ಸಾಲ ಕೊಟ್ಟ ಸಂಸ್ಥೆ ತನ್ನ ಕಡೆಯಿಂದ ಹಾಕುವ ದಂಡ ಬೇರೆ. ಸಾಲದು ಎಂದು ಸಾಲ ಮಾಡುವುದು, ಮಾಡಿದ ಮೇಲೂ ಸಾಲದಿರುವುದು: ಭಾಷಾಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ಕನ್ನಡಕ್ಕೆ ಈ ಸಂಗತಿ ಮೊದಲೇ ಗೊತ್ತಿತ್ತು.

ಮೈನಸ್ಸಿನ ದರ್ಶನವಾಗುವುದು ಪಾಸ್‌ಬುಕ್ ಎಂಟ್ರಿ ಹಾಕಿಸುವಾಗ. ಪ್ರಿಂಟರು ಟರ್ರ್ ಎಂದು ಪುಸ್ತಕವನ್ನು ಒಳಗೆಳೆದುಕೊಂಡು, ಹೊಸ ಸಾಲನ್ನು ಹಳೆಯ ಸಾಲಿನ ತಲೆಯ ಮೇಲೆ ಕೂರಿಸಿ ಉಗುಳುತ್ತದೆ. ಸಂಬಳ ಬಂದದ್ದು, ಕರೆಂಟು ಬಿಲ್ಲು ಕಟ್ಟಿದ್ದು ಒಂದೂ ಓದಲಿಕ್ಕಾಗುವುದಿಲ್ಲ. ಮೈನಸ್ ಮಾತ್ರ ಕಪ್ಪಗೆ, ನೆಟ್ಟಗೆ ಬಂದಿರುತ್ತದೆ. ಆಗ ನಡೆಯುವ ಶಾಸ್ತ್ರಾರ್ಥ ಎಲ್ಲ ಶಾಖೆಗಳಲ್ಲೂ ಒಂದೇ:

“ಮೇಡಂ, ಇದ್ಯಾಕೆ ಕಟ್ ಆಗಿದೆ?”

“ಸಿಸ್ಟಮ್ಮೇ ತಗೊಳ್ಳುತ್ತೆ ಸರ್, ನಮ್ಮ ಕೈಲಿಲ್ಲ.”

ವೇದವನ್ನು ಯಾರೂ ರಚಿಸಿಲ್ಲ, ಅದು ಅಪೌರುಷೇಯ ಎಂದು ಪೂರ್ವಮೀಮಾಂಸಕರು ಹಟ ಹಿಡಿದು ವಾದಿಸಿದ್ದರು. ಅಷ್ಟೊಂದು ವಾದ ಬೇಕಿರಲಿಲ್ಲ. ಬ್ಯಾಂಕ್ ಚಾರ್ಜನ್ನು ದೃಷ್ಟಾಂತವಾಗಿ ಕೊಟ್ಟಿದ್ದರೆ ಎದುರಾಳಿ ಬೌದ್ಧರು ಅಲ್ಲೇ ಸುಮ್ಮನಾಗುತ್ತಿದ್ದರು.

ಪರಿಣಾಮಗಳಲ್ಲಿ ಉಗ್ರವಾದದ್ದು ಚೆಕ್ಕಿನದು. ಖಾಲಿ ಖಾತೆಯ ಮೇಲೆ ಬರೆದ ಚೆಕ್ಕಿಗೆ ರಬ್ಬರಿನ ಗುಣ ಬರುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ, ಚೆಕ್ ವಾಪಸಾದದ್ದು ತಿಳಿದ 30 ದಿನಗಳೊಳಗೆ ಹಣ ಬರಬೇಕಾದವರು ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ 15 ದಿನಗಳೊಳಗೆ ಬರೆದವರು ಹಣ ಕಟ್ಟಬೇಕು. ಕಟ್ಟದಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಯಾವುದೇ ಪದಾರ್ಥ ಒಮ್ಮೆ ಪುಟಿದರೆ ಎರಡನೆಯ ಸಲ ಅಷ್ಟೆತ್ತರ ಏಳುವುದಿಲ್ಲ ಎಂಬುದು ಭೌತಶಾಸ್ತ್ರದ ನಿಯಮ. ಚೆಕ್ಕು ಎರಡನೆಯ ಸಲ ನೇರ ಕೋರ್ಟಿನ ಮೆಟ್ಟಿಲ ಮೇಲೆ ಬಂದು ಬೀಳುತ್ತದೆ.

ಮೊದಲನೆಯ ಜಾತಿಗೂ ಮುಪ್ಪಿದೆ. ಲಿಮಿಟ್ ದಾಟಿ 90 ದಿನ ಹಾಗೇ ನಿಂತ ಓಡಿ ಖಾತೆಗೆ ರಿಸರ್ವ್ ಬ್ಯಾಂಕಿನ ಪರಿಭಾಷೆಯಲ್ಲಿ ‘ಔಟ್ ಆಫ್ ಆರ್ಡರ್’ ಎನ್ನುತ್ತಾರೆ, ಕೆಟ್ಟುಹೋದ ಲಿಫ್ಟಿಗೆ ನೇತುಹಾಕುವ ಬೋರ್ಡಿನಂತೆ. ಅಲ್ಲಿಂದ ಮುಂದೆ ಅದು ಎನ್‌ಪಿಎ. ಕಾಫಿ ನಿಲ್ಲುವುದು ಈ ಘಟ್ಟದಲ್ಲಿ. ಬಾಕಿ ಉಳಿಸಿಕೊಂಡವರ ಹೆಸರು ಸಿಬಿಲ್ ಮುಟ್ಟಿದರೆ 300ರಿಂದ 900ರವರೆಗಿನ ಅಂಕಗಳಲ್ಲಿ ಕೆಳಕ್ಕೆ ಇಳಿಯುತ್ತದೆ. ಜಾತಕ ಕೂಡಿಬಂದ ಮೇಲೂ ಮನೆ ಸಾಲ ಕೂಡಿಬರದಿರುವುದಕ್ಕೆ ಇದು ಕಾರಣ. ಅದೇ ಬ್ಯಾಂಕಿನಲ್ಲಿ ಆ ಗಿರಾಕಿಯದೇ ಎಫ್‌ಡಿ ಇದ್ದರೆ ಬ್ಯಾಂಕು ಅದನ್ನು ಮುರಿದು ಬಾಕಿಗೆ ಹೊಂದಿಸಿಕೊಳ್ಳಬಹುದು. ಎಡಗೈಯಲ್ಲಿ ಇದ್ದದ್ದನ್ನು ಬಲಗೈ ಸಾಲಕ್ಕೆ ಜಮಾ ಮಾಡುವ ಈ ಹಕ್ಕು ಎರಡೂ ಕೈ ಗಿರಾಕಿಯವೇ ಆದಾಗ ಮಾತ್ರ ನಡೆಯುತ್ತದೆ.

ಮರೆತುಬಿಟ್ಟರೆ ತಾನಾಗಿ ಹೋದೀತು ಎಂಬ ಪಂಥವೊಂದಿದೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಪ್ಲಸ್ಸನ್ನು ಹೀಗೆ ದತ್ತು ತೆಗೆದುಕೊಳ್ಳುವವರಿದ್ದಾರೆ. ಮೈನಸ್ಸಿಗೆ ಅಂಥ ಅನಾಥಾಶ್ರಮವಿಲ್ಲ.

ಇತ್ತೀಚೆಗೆ ಕನಿಷ್ಠ ಶೇಷವೆಂಬ ಬಿತ್ತನೆ ಬೀಜವೇ ವಿರಳವಾಗುತ್ತಿದೆ. ಸ್ಟೇಟ್ ಬ್ಯಾಂಕ್ 2020ರಲ್ಲಿ ಅದನ್ನು ಕೈಬಿಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಆ ದಂಡ ತೆಗೆದುಹಾಕಿತು. ಬೇರೆ ಚಾರ್ಜುಗಳು ಕ್ಷೇಮವಾಗಿವೆ.

ಖಾತೆಯನ್ನೇ ಮುಚ್ಚುವುದು ಕೊನೆಯ ಚಿಕಿತ್ಸೆ. ಮುಚ್ಚಬೇಕಾದರೆ ಮೊದಲು ಮೈನಸ್ ತೀರಿಸಬೇಕು. ದಾರ ಕಟ್ಟಿದ ಪೆನ್ನಿನಿಂದ ಚಲನ್ ಮೇಲೆ ಅಂಕಿಯಲ್ಲಿ 83 ಎಂದೂ ಅಕ್ಷರದಲ್ಲಿ ‘ಎಂಬತ್ತಮೂರು ರೂಪಾಯಿ ಮಾತ್ರ’ ಎಂದೂ ಬರೆಯಬೇಕು. ಆ ‘ಮಾತ್ರ’ ಬಿಟ್ಟರೆ ಚಲನ್ ವಾಪಸು ಬರುತ್ತದೆ. ಉಳಿದ ಚೆಕ್ ಹಾಳೆ, ಎಟಿಎಂ ಕಾರ್ಡು ಒಪ್ಪಿಸಿದ ಮೇಲೆ ಪಾಸ್‌ಬುಕ್ ಕೊನೆಯ ಸಲ ಪ್ರಿಂಟರಿನೊಳಗೆ ಹೋಗುತ್ತದೆ. ಹೊರಗೆ ಬರುವಾಗ ಅದರಲ್ಲಿ 0.00 ಎಂದಿರುತ್ತದೆ, ಹಿಂದಿನ ಸಾಲಿನ ತಲೆಯ ಮೇಲೆ.