ಬಾಡಿಗೆದಾರ ಪರೀಕ್ಷೆಯಲ್ಲಿ ನಾಲ್ಕು ಪ್ರಮಾಣಗಳು: ಕೊಂಡಜ್ಜಿ ರಸ್ತೆಯ ಮೇಲ್ಮನೆಗಳನ್ನು ಆಧರಿಸಿದ ಒಂದು ಶಾಸ್ತ್ರವಿಚಾರ

1. ವಿಷಯ ಪ್ರವೇಶ

ಬ್ರಹ್ಮ, ಜೀವ, ಜಗತ್ತುಗಳ ಬಗ್ಗೆ ನಮ್ಮಲ್ಲಿ ಭಾಷ್ಯಗಳಿಗೆ ಬರವಿಲ್ಲ. ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ, ಟಿಪ್ಪಣಿಗೆ ಖಂಡನೆ ಎಲ್ಲವೂ ಇವೆ. ಆದರೆ “ಮೇಲಿನ ಮನಿ ಖಾಲಿ ಐತೇನ್ರಿ?” ಎಂಬ ಮೂಲಸೂತ್ರಕ್ಕೆ ಇಂದಿಗೂ ವ್ಯಾಖ್ಯಾನಕಾರರು ಹುಟ್ಟಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನ. ಅಧ್ಯಯನದ ಎಲ್ಲೆ: ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಹರಿಹರ, ಇವೆರಡರ ಮಗ್ಗುಲಿಗೆ ಕೆರೆ-ಗುಡ್ಡಗಳ ಕೊಂಡಜ್ಜಿ.

ಮೊದಲು ಲಕ್ಷಣ. ಕೆಳಗೆ ತಾನಿದ್ದು, ಮೇಲೆ ಎರಡು ಪೋರ್ಷನ್ ಎತ್ತಿಸಿ, ಒಂದರ ಬಾಡಿಗೆಯನ್ನು ಬ್ಯಾಂಕಿನ ಕಂತಿಗೂ ಇನ್ನೊಂದರದನ್ನು ಮಗಳ ಕಾಲೇಜು ಫೀಸಿಗೂ ಮೊದಲೇ ಬರೆದಿಟ್ಟವನು ‘ಸಣ್ಣ ಓನರ್’. ಸಾಲಾಗಿ ಕಾಂಪ್ಲೆಕ್ಸ್ ಕಟ್ಟಿಸಿದವರಿಗೆ ಈ ಲಕ್ಷಣ ಹೊಂದದು. ಅವರಿಗೆ ಬಾಡಿಗೆದಾರನ ಮುಖ ಗೊತ್ತಿರುವುದಿಲ್ಲ. ಇವನಿಗೆ ಬಾಡಿಗೆದಾರನ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಗೊತ್ತು.

ಇನ್ನು ಬಾಡಿಗೆದಾರನ ಉತ್ಪತ್ತಿ. ಹತ್ತಿ ಗಿರಣಿಗಳ ಕಾಲದಲ್ಲಿ ಅವನು ಸೈರನ್ ಕೂಗಿಗೆ ಎದ್ದು ಹೋಗುವ ಮಿಲ್ ಕಾರ್ಮಿಕ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅವನನ್ನು ಲೇತ್ ಮಷೀನಿನ ಮುಂದೆ ನಿಲ್ಲಿಸಿತು. ದಾವಣಗೆರೆಯಲ್ಲಿ 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ ಮೇಲೆ ಅವನು ವಿದ್ಯಾರ್ಥಿಯಾದ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದ ಮೇಲೆ ವರ್ಗಾವಣೆ ಆದೇಶ ಹಿಡಿದು ಬರುವ ಸರ್ಕಾರಿ ನೌಕರನಾದ. ಗಿರಣಿಗಳು ಬಾಗಿಲು ಹಾಕಿದವು, ಕಿರ್ಲೋಸ್ಕರ್ ಬಾಗಿಲು ಹಾಕಿತು. ಬಾಡಿಗೆದಾರ ಮಾತ್ರ ರೂಪ ಬದಲಿಸುತ್ತ ಉಳಿದ. ನಾಶವಿಲ್ಲದ್ದು ಯಾವುದೆಂಬ ಹಳೆಯ ಪ್ರಶ್ನೆಗೆ ಈ ಭಾಗದ ಉತ್ತರ ಇದೇ.

2. ಪೂರ್ವಸೂರಿಗಳು

ಈ ಶಾಸ್ತ್ರದ ಆದ್ಯ ಆಚಾರ್ಯ ಕೌಟಿಲ್ಯ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದರು. ಪಂಡಿತರು ಅದರಲ್ಲಿ ಗೂಢಚಾರರನ್ನೂ ಮಂಡಲ ಸಿದ್ಧಾಂತವನ್ನೂ ಹುಡುಕಿದರೇ ಹೊರತು ಮೂರನೆಯ ಅಧಿಕರಣದ ಬಾಡಿಗೆ ಮನೆಯ ಮಾತನ್ನು ಯಾವ ಓನರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಿಲ್ಲ. ಕಾರಣ ಸ್ಪಷ್ಟ. ಬಿಡು ಎಂದ ಮೇಲೂ ಕೂತಿರುವವನಿಗೆ ಅಲ್ಲಿ 12 ಪಣ ದಂಡ. ಬಾಡಿಗೆ ಕೊಟ್ಟವನನ್ನು ಹೊರಹಾಕುವವನಿಗೂ ಅದೇ 12 ಪಣ. ವರ್ಷ ಮುಗಿಯುವ ಮೊದಲೇ ತಾನಾಗಿ ಬಿಟ್ಟು ಹೋದವನು ಉಳಿದ ಬಾಡಿಗೆ ಕಟ್ಟಬೇಕು. ಹೊರಹಾಕಲು ವಿನಾಯಿತಿ ಇರುವುದು ಬೈಗುಳ-ಬಡಿದಾಟ, ಕಳ್ಳತನ, ದರೋಡೆ, ಹೆಣ್ಣಿನ ವಿಷಯದ ಅಪರಾಧ, ಸುಳ್ಳು ಹಕ್ಕು ಸಾಧನೆ ಇಷ್ಟಕ್ಕೇ. ಪಟ್ಟಿಯನ್ನು ಎಷ್ಟು ಸಲ ಓದಿದರೂ ಕೋಳಿ ಸಾರು ಸಿಗುವುದಿಲ್ಲ.

ನಂತರದ ಆಚಾರ್ಯರು ಶಾಸನಕರ್ತರು. 1882ರ ಆಸ್ತಿ ವರ್ಗಾವಣೆ ಕಾಯ್ದೆ ತಿಂಗಳ ಬಾಡಿಗೆಯವನನ್ನು ಬಿಡಿಸಲು 15 ದಿನದ ನೋಟಿಸ್ ಸಾಕೆಂದಿತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದು ಅಷ್ಟು ಸುಲಭವಲ್ಲ ಎಂದಿತು. ಅದರ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಯಾಗಿ, ಊರಿನ ದರ್ಜೆ ನೋಡಿ ತಿಂಗಳಿಗೆ 3500 ಅಥವಾ 2000 ರೂಪಾಯಿ ದಾಟಿದ ಬಾಡಿಗೆಯನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಇವತ್ತು ಆ ದುಡ್ಡಿಗೆ ಮನೆ ಕೇಳಿದರೆ ಬ್ರೋಕರ್ ಕೂಡ ನಗುತ್ತಾನೆ. ಹೀಗೆ ಕಾಯ್ದೆ ಇದೆ, ಅದು ಕಾಯುವ ಮನೆ ಇಲ್ಲ. ಈ ಸ್ಥಿತಿಯನ್ನು ವೇದಾಂತಿಗಳು ಬಹಳ ಹಿಂದೆಯೇ ವರ್ಣಿಸಿದ್ದಾರೆ.

3. ಪ್ರಮಾಣ ವಿಚಾರ

ನ್ಯಾಯಶಾಸ್ತ್ರ ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಸಣ್ಣ ಓನರ್ ಗುರುವಿಲ್ಲದೆ ಈ ನಾಲ್ಕನ್ನೂ ಬಲ್ಲ.

ಪ್ರತ್ಯಕ್ಷ: ಮನೆ ನೋಡಲು ಬಂದವನ ಚಪ್ಪಲಿ, ಬೈಕು, ಹೆಂಡತಿಯ ಕೊರಳು ಈ ಕ್ರಮದಲ್ಲಿ ದರ್ಶನವಾಗುತ್ತದೆ. ಬಂದವನು ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದರೆ “ತಕರಾರಿನ ಮನಿಷಾ” ಎಂದು ನಿರ್ಣಯ. ನೋಡದಿದ್ದರೆ “ಮನೀ ಕಾಳಜಿ ಇಲ್ಲ” ಎಂದು ನಿರ್ಣಯ. ಎರಡೂ ತಪ್ಪಿಸಲು ನಲ್ಲಿಯ ಕಡೆ ನೋಡಿ ತಿರುಗಿಸದೆ ಬರುವುದು ಉತ್ತಮ.

ಅನುಮಾನ: ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವುದು ತಾರ್ಕಿಕರ ಹಳೆಯ ಉದಾಹರಣೆ. ಕೊಂಡಜ್ಜಿ ಗುಡ್ಡದ ಕಡೆ ಹೊಗೆ ಕಂಡರೆ ಸ್ಕೌಟ್ಸ್ ತರಬೇತಿ ಕೇಂದ್ರದ ಮಕ್ಕಳು ಶಿಬಿರಾಗ್ನಿ ಹಾಕಿದ್ದಾರೆಂದು ಊಹಿಸಬೇಕು. ಹೀಗೆ ಸ್ಥಳ ಬದಲಾದರೆ ವ್ಯಾಪ್ತಿಯೂ (ಹೊಗೆಗೂ ಬೆಂಕಿಗೂ ಇರುವಂಥ ತಪ್ಪದ ನಂಟು) ಬದಲಾಗುತ್ತದೆ. ಓನರ್ ಮಾತ್ರ ಸ್ಥಳಭೇದ ಒಪ್ಪುವುದಿಲ್ಲ: ಎಲ್ಲೆಲ್ಲಿ ಬುಲೆಟ್ ಬೈಕೋ ಅಲ್ಲಲ್ಲಿ ರಾತ್ರಿ ಹನ್ನೊಂದು, ಎಲ್ಲೆಲ್ಲಿ ಬ್ಯಾಚುಲರೋ ಅಲ್ಲಲ್ಲಿ ನಾಲ್ಕು ಬ್ಯಾಚುಲರು, ಎಲ್ಲೆಲ್ಲಿ ವಕೀಲನೋ ಅಲ್ಲಲ್ಲಿ ಮನೆ ಹೋಯಿತು. ಮೆಡಿಕಲ್ ಪಿಜಿ ಓದುವವನು ಈ ಅನುಮಾನಗಳಿಂದ ಪೂರ್ತಿ ಪಾರು, ಏಕೆಂದರೆ ಅವನು ಮನೆಯಲ್ಲೇ ಇರುವುದಿಲ್ಲ. ಇಲ್ಲದಿರುವವನೇ ಉತ್ತಮ ಬಾಡಿಗೆದಾರ ಎಂಬುದು ಇಲ್ಲಿನ ಉಪಸಿದ್ಧಾಂತ.

ಅನುಮಾನದ ಒಳಗೇ ‘ಪೈಕಿ ಪ್ರಕರಣ’ ಬರುತ್ತದೆ. “ಎಷ್ಟು ಜನ ಅದೀರಿ? ಎಲ್ಲಿ ಕೆಲ್ಸ? ನಿಮ್ಮೂರು ಯಾವುದು? ಅಲ್ಲಿ ಯಾ ಓಣಿ?” ಎಂದು ಪ್ರಶ್ನೆಗಳು ಗಾಣದೆತ್ತಿನಂತೆ ಒಂದೇ ಕಂಬವನ್ನು ಸುತ್ತುತ್ತವೆ. ಕೊನೆಗೆ ಕಂಬವೇ ಬಾಯಿಬಿಡುತ್ತದೆ: “ತಪ್ಪು ತಿಳೀಬ್ಯಾಡ್ರಿ, ನೀವು ಯಾ ಪೈಕಿ?” ತಪ್ಪು ತಿಳಿಯಲು ಇಲ್ಲಿ ಅವಕಾಶವೇ ಇಲ್ಲ, ಸರಿಯಾಗಿಯೇ ತಿಳಿಯುತ್ತದೆ. ಉತ್ತರ ಹಿಡಿಸದಿದ್ದರೆ ಮನೆ ಒಮ್ಮೆಲೇ ಖಾಲಿ ಇರುವುದಿಲ್ಲ. “ನಿನ್ನೆನೇ ನಮ್ಮ ತಮ್ಮನ ಮಗ ಕೇಳಿದಾನ್ರಿ.” ಗೇಟಿನ ಟು-ಲೆಟ್ ಬೋರ್ಡ್ ಮಾತ್ರ ತಮ್ಮನ ಮಗನ ಸುದ್ದಿ ತಿಳಿಯದೆ ಮುಂದಿನ ಅಮಾವಾಸ್ಯೆವರೆಗೂ ತೂಗುತ್ತಿರುತ್ತದೆ. ಪೈಕಿಗೂ ಐದನೇ ತಾರೀಕಿನ ಬಾಡಿಗೆಗೂ ಇರುವ ವ್ಯಾಪ್ತಿಸಂಬಂಧವನ್ನು ಯಾವ ಓನರೂ ತೋರಿಸಿಕೊಟ್ಟಿಲ್ಲ. ಆದರೂ ಈ ಪ್ರಶ್ನೆ ತಪ್ಪುವುದಿಲ್ಲ, ಬಾಡಿಗೆ ತಪ್ಪಿದರೂ.

ಉಪಮಾನ: ಪ್ರತಿ ಮೇಲ್ಮನೆಗೂ ಒಬ್ಬ ಆದಿಬಾಡಿಗೆದಾರ ಇರುತ್ತಾನೆ. “ಮೊದ್ಲು ಒಬ್ರು ಮೇಷ್ಟ್ರಿದ್ರು. ಅವ್ರು ಇದ್ದಿದ್ದೇ ಗೊತ್ತಾಗ್ತಿರ್ಲಿಲ್ಲ.” ಮುಂದೆ ಬರುವವರೆಲ್ಲ ಈ ಮೇಷ್ಟರಿಗೆ ಎಷ್ಟು ಸಮ, ಎಷ್ಟು ಕಡಿಮೆ ಎಂದು ತೂಗಲ್ಪಡುತ್ತಾರೆ. ಮೇಷ್ಟರು ಇದ್ದಾಗ ಅವರಿಗೂ ಇನ್ನೊಬ್ಬ ಮೇಷ್ಟರ ಉಪಮಾನವಿತ್ತೆಂಬುದು ಸ್ಥಳೀಯ ಐತಿಹ್ಯ.

ಶಬ್ದ: ಆಪ್ತನ ಮಾತು ಪ್ರಮಾಣ. ಇಲ್ಲಿ ಆಪ್ತ ಎಂದರೆ ಹಿಂದಿನ ಓನರ್. ಆದರೆ ಕೆಟ್ಟ ಬಾಡಿಗೆದಾರನನ್ನು ಸಾಗಹಾಕಬೇಕಾದವನು “ಚಿನ್ನದಂಥ ಹುಡುಗ” ಎನ್ನುತ್ತಾನೆ. ಒಳ್ಳೆಯವನನ್ನು ಉಳಿಸಿಕೊಳ್ಳಬೇಕಾದವನು “ಏನೋ, ಪರವಾಗಿಲ್ಲ” ಎನ್ನುತ್ತಾನೆ. ಆದ್ದರಿಂದ ಹೊಗಳಿಕೆ ಕೇಳಿದರೆ ಮನೆ ಕೊಡಬಾರದು, ತೆಗಳಿಕೆ ಕೇಳಿದರೆ ತಕ್ಷಣ ಕೊಡಬೇಕು. ಈ ಗುಟ್ಟು ಎಲ್ಲ ಓನರ್‌ಗಳಿಗೂ ಗೊತ್ತಿರುವುದರಿಂದ ಆಪ್ತರು ಈಗ ಬೇಕೆಂದೇ ನಿಜ ಹೇಳತೊಡಗಿದ್ದು, ಶಾಸ್ತ್ರ ಪೂರ್ತಿ ಕುಸಿದಿದೆ.

4. ಬಾಧಾ ಪ್ರಕರಣ

ಕರಾರು ಪತ್ರ 11 ತಿಂಗಳಿನದೇ ಏಕೆ? ವರ್ಷ ಮೀರುವ ಲೀಸನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು ತಪ್ಪಿಸಲು ನಮ್ಮ ಕಾಲಗಣನೆಯಿಂದ ಒಂದು ಮಾಸವೇ ಲೋಪವಾಯಿತು. ಪಂಚಾಂಗದಲ್ಲಿ ಅಧಿಕಮಾಸವಿದೆ, ಸ್ಟಾಂಪ್ ಪೇಪರಿನಲ್ಲಿ ಕ್ಷಯಮಾಸ.

ವಿದ್ಯುತ್ ಬಾಧೆ ಸೂಕ್ಷ್ಮವಾದದ್ದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ, ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ, ಬಾಡಿಗೆದಾರರಿಗೂ ಬಿಲ್ ಮನ್ನಾ ಮಾಡಿತು. ಆಧಾರ್ ನಂಬರನ್ನು ಮೀಟರಿಗೆ ಜೋಡಿಸಬೇಕೆಂದಾಗ ಓನರ್ ಬೆಚ್ಚಿದ: ಇವತ್ತು ಮೀಟರಿಗೆ ಅಂಟಿದವನು ನಾಳೆ ಖಾತೆಗೆ ಅಂಟಿದರೆ? ಮನೆ ಬಿಟ್ಟು ಹೋದವನು ಹಳೇ ಮೀಟರಿನಿಂದ ಆಧಾರ್ ಬಿಡಿಸದಿದ್ದರೆ ಹೊಸಬನಿಗೆ ಬೆಳಕು ಬರುತ್ತದೆ, ಜ್ಯೋತಿ ಬರುವುದಿಲ್ಲ. ಒಂದೇ ಮೀಟರಿಗೆ ಎರಡು ಪೋರ್ಷನ್ ಇದ್ದು, ಸಬ್-ಮೀಟರ್ ಹಾಕಿ, ಬೆಸ್ಕಾಂ ಬಿಲ್ ಸೊನ್ನೆ ಬಂದ ತಿಂಗಳೂ ಮೇಲಿನವರಿಂದ ಕರೆಂಟ್ ದುಡ್ಡು ವಸೂಲಿಯಾಗುವ ಮನೆಗಳಿವೆ. ಶೂನ್ಯದಿಂದ ಏನೂ ಹುಟ್ಟದು ಎಂದವರು ಈ ಮನೆಗಳನ್ನು ನೋಡಿರಲಿಲ್ಲ.

ಮೊಳೆ ಬಾಧೆ: ಗೋಡೆಗೆ ಮೊಳೆ ಹೊಡೆಯಕೂಡದು. ದೇವರ ಫೋಟೊಕ್ಕೆ ಒಂದು ಮಾತ್ರ, ಅದೂ ಓನರ್ ಮನೆಯಲ್ಲಿ ಇಲ್ಲದಾಗ. 1882ರ ಕಾಯ್ದೆ ಸಹಜ ಸವಕಳಿಗೆ ಬಾಡಿಗೆದಾರನನ್ನು ಹೊಣೆ ಮಾಡುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಡುವ ದಿನ ಸಹಜವಾದದ್ದು ಯಾವುದೂ ಉಳಿಯುವುದಿಲ್ಲ. ಬಣ್ಣಕ್ಕೊಂದು ತಿಂಗಳ ಬಾಡಿಗೆ, ನಲ್ಲಿಗಿಷ್ಟು, “ಹಾಂ, ಆ ಕಿಟಕಿ ಗಾಜು” ಎಂದು ಲೆಕ್ಕ ಏರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದು ರಾಜ್ಯಗಳಿಗೆ ದಾರಿ ತೋರಿಸಿತು. ಬೆಂಗಳೂರಿನಲ್ಲಿ ಹತ್ತು ತಿಂಗಳಿನದು ಕೇಳುವ ಓನರ್‌ಗಳು ಅದನ್ನು ಮಾದರಿಯೆಂದೇ ಗೌರವಿಸಿ ಮುಟ್ಟದೆ ಬಿಟ್ಟಿದ್ದಾರೆ.

ಬಾಕಿ ಬಾಧೆ: ಮೂರು ತಿಂಗಳು ಬಾಡಿಗೆ ಕೊಡದವನ ಮುಂದೆ ಸಣ್ಣ ಓನರ್ ನಿಜವಾಗಿಯೂ ದುರ್ಬಲ. ಬ್ಯಾಂಕಿನ ಕಂತು ಯಾರ ಪೈಕಿಯನ್ನೂ ಕೇಳದೆ ಬರುತ್ತದೆ. ಕೋರ್ಟಿಗೆ ಹೋದರೆ ವಕೀಲರ ಫೀಸು ಬಾಕಿಯನ್ನು ಮೀರುತ್ತದೆ. ನೀರಿನ ಮೋಟರ್ ಬಂದ್ ಮಾಡಿದರೆ ತಪ್ಪು ತನ್ನ ಮೇಲೇ ಬರುತ್ತದೆ. ಆಗ ಹೊರಡುತ್ತದೆ ಸರ್ವಮಾನ್ಯ ಬ್ರಹ್ಮಾಸ್ತ್ರ: “ನಮ್ಮ ಹುಡುಗಂದು ಮದ್ವಿ ಐತ್ರಿ, ಮನಿ ಬೇಕು.” ಹುಡುಗ ಏಳನೇ ಕ್ಲಾಸ್.

5. ಸಿದ್ಧಾಂತ

ನಾಲ್ಕು ಪ್ರಮಾಣಗಳೂ ಬಂದವನ ಜಾತಿ, ಬೈಕು, ಅಡುಗೆ, ನೆಂಟರ ಬಗ್ಗೆ ಯಥಾರ್ಥ ಜ್ಞಾನ ಕೊಡುತ್ತವೆ. ಬಾಡಿಗೆ ಬರುತ್ತದೋ ಇಲ್ಲವೋ ಎಂಬುದರ ಬಗ್ಗೆ ಮಾತ್ರ ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇಕಾದ ಸಂಬಳದ ಚೀಟಿ, ರಸೀದಿ, ಮನೆ ಕೊಡುವಾಗಿನ ಗೋಡೆ-ನಲ್ಲಿಗಳ ಫೋಟೊ, ಅಡ್ವಾನ್ಸ್ ಕಡಿತದ ಲಿಖಿತ ಲೆಕ್ಕ ಇವನ್ನು ಶಾಸ್ತ್ರ ‘ನಂಬಿಕೆ ಇಲ್ಲದವರ ಲಕ್ಷಣ’ ಎಂದು ತಳ್ಳಿಹಾಕಿದೆ. ಪೈಕಿ ಕೇಳುವುದು ಸಂಪ್ರದಾಯ, ರಸೀದಿ ಕೇಳುವುದು ಅವಮಾನ.

ಪರೀಕ್ಷೆ ಒಂದೇ ಕಡೆಯಿಂದ ನಡೆಯುವುದು ಇನ್ನೊಂದು ದೋಷ. ಹಿಂದಿನ ಮನೆ ಯಾಕೆ ಬಿಟ್ಟಿರಿ ಎಂದು ಓನರ್ ಕೇಳಬಹುದು. ಹಿಂದಿನವರು ಈ ಮನೆ ಯಾಕೆ ಬಿಟ್ಟರು ಎಂದು ಬಂದವನು ಕೇಳಿದರೆ ಮನೆ ಅಲ್ಲಿಗೇ ಮುಗಿಯಿತು. ಕೌಟಿಲ್ಯ ಇಬ್ಬರಿಗೂ 12 ಪಣ ಇಟ್ಟಿದ್ದ. ಇಂಥ ಸಮತೆಗೆ ಹತ್ತಿರದಲ್ಲೇ ಸಾಕ್ಷಿಯೂ ಇದೆ. ಹೊಯ್ಸಳ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಹರಿಹರದಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿ-ಹರರಿಬ್ಬರೂ ಒಂದೇ ಮೈಯಲ್ಲಿ ಎಂಟುನೂರು ವರ್ಷದಿಂದ ವಾಸವಾಗಿದ್ದಾರೆ. ತಕರಾರು ಬಾರದಿರಲು ಕಾರಣ, ಇಬ್ಬರಲ್ಲಿ ಓನರ್ ಯಾರೆಂದು ಶಿಲ್ಪಿ ತೋರಿಸಿಕೊಟ್ಟಿಲ್ಲ.

ಫಲಶ್ರುತಿ: ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದ ಓನರ್‌ಗೆ ಪ್ರತಿ ತಿಂಗಳು ಐದರೊಳಗೆ ಬಾಡಿಗೆ ಬರುತ್ತದೆ. ಓದಿದ ಬಾಡಿಗೆದಾರನಿಗೆ ಅಡ್ವಾನ್ಸ್ ಪೂರ್ತಿ ವಾಪಸ್ ಸಿಗುತ್ತದೆ. ಇಬ್ಬರೂ ಒಂದೇ ಮನೆಯವರಾಗಿದ್ದರೆ ಫಲಕ್ಕೆ ಪ್ರಬಂಧಕಾರ ಜವಾಬ್ದಾರನಲ್ಲ.