ನಾಲ್ಕಕ್ಷರದ ಮಾವ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು, ಸೀಟು ಹಂಚಿಕೆ ಇನ್ನೂ ಶುರುವಾಗದ ತ್ರಿಶಂಕು ದಿನಗಳಿರುತ್ತವಲ್ಲ, ಆಗ ಇವರು ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದು ನಿಮ್ಮ ಮನೆಯ ಗೇಟು ತೆಗೆಯುತ್ತಾರೆ. ಹಿಂದೆಲ್ಲ ಇಂಥ ಬಂಧುಗಳು "ಎಷ್ಟು ಪರ್ಸೆಂಟು?" ಎಂದು ಕೇಳಿ, ನಮ್ಮ ಹುಡುಗನಿಗಿಂತ ಹೆಚ್ಚು ತೆಗೆದ ತಮ್ಮ ಪಕ್ಕದ ಮನೆ ಹುಡುಗಿಯ ಸುದ್ದಿ ಹೇಳಿ, ಕೊಟ್ಟ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಈಗಿನವರು ಪರ್ಸೆಂಟು ಕೇಳುವುದಿಲ್ಲ. ಹುಡುಗನ ಕಣ್ಣನ್ನೇ ದಿಟ್ಟಿಸಿ, "ನೀನು ನಿಜವಾಗಿ ಯಾರು ಅಂತ ತಿಳ್ಕೊಂಡಿದೀಯಾ?" ಎನ್ನುತ್ತಾರೆ. ರಮಣ ಮಹರ್ಷಿಗಳೂ ಇದನ್ನೇ ಕೇಳಿದ್ದು. ಅವರಲ್ಲಿ ಉತ್ತರ ಮೌನದಲ್ಲಿ ಸಿಗುತ್ತಿತ್ತು, ಇವರಲ್ಲಿ ಮೂರು ಪುಟದ ರಿಪೋರ್ಟಿನಲ್ಲಿ ಸಿಗುತ್ತದೆ.

ನಮ್ಮ ವಂಶಕ್ಕೆ ಒದಗಿದವರು ನನ್ನ ಸೋದರಮಾವ. ಮೈಸೂರಿನ ಕುವೆಂಪುನಗರದ ವಾಸಿ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ 35 ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಗೆ ಸ್ವಲ್ಪ ಮೊದಲು ಬ್ಯಾಂಕಿನವರು ಅಧಿಕಾರಿಗಳನ್ನೆಲ್ಲ ಎರಡು ದಿನದ ತರಬೇತಿಗೆ ಕಳಿಸಿದರು. ಉಳಿದವರು ಒಳ್ಳೆ ಊಟ ಮಾಡಿ, ಒಂದು ಬ್ಯಾಗು ತಗೊಂಡು ಬಂದರು. ಮಾವ ದೀಕ್ಷೆ ತಗೊಂಡು ಬಂದರು. ಅವತ್ತಿನಿಂದ ಅವರ ಕಣ್ಣಿಗೆ ಮನುಷ್ಯರು ಹೆಸರಿನಿಂದ ಕಾಣುವುದು ನಿಂತುಹೋಯಿತು. ಅತ್ತೆ ಐಎಸ್‌ಎಫ್‌ಜೆ. ಹಾಲು ಹಾಕುವ ಹುಡುಗ ಇಎಸ್‌ಟಿಪಿ. ಮದುವೆಯೊಂದರಲ್ಲಿ ಅಡುಗೆ ಭಟ್ಟರು ಹುಳಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಾಗ ಬೀಗರು ಕೆಂಡವಾದರು, ಮಾವ ಮಾತ್ರ, "ಪಾಪ, ಅವರು ಇಂಟ್ಯೂಟಿವ್ ಟೈಪು. ಒಟ್ಟು ಚಿತ್ರ ನೋಡ್ತಾರೆ, ವಿವರ ತಪ್ಪುತ್ತೆ" ಎಂದು ಭಟ್ಟರ ಪರ ವಕಾಲತ್ತು ವಹಿಸಿದರು. ಹುಳಿ ಹಾಗೇ ಉಳಿಯಿತು.

ಮನುಷ್ಯನ ವ್ಯಕ್ತಿತ್ವವನ್ನು ನಾಲ್ಕಕ್ಷರದಲ್ಲಿ ಹೇಳುವ ಈ ವಿದ್ಯೆಯ ಹೆಸರು ಎಂಬಿಟಿಐ. ಅದರ ಹುಟ್ಟಿನ ಕಥೆಯನ್ನು ಮಾವನ ಬಾಯಲ್ಲೇ ಕೇಳಬೇಕು, ಬೇಡವೆಂದರೂ ಕೇಳಬೇಕಾಗುತ್ತದೆ. ಅಮೆರಿಕದಲ್ಲಿ ಕ್ಯಾಥರೀನ್ ಬ್ರಿಗ್ಸ್ ಎಂಬ ತಾಯಿ, ಇಸಬೆಲ್ ಎಂಬ ಮಗಳು. ಮಗಳು ಮೈಯರ್ಸ್ ಎಂಬ ಹುಡುಗನನ್ನು ಮೆಚ್ಚಿ ಮನೆಗೆ ಕರೆತಂದಳು. ಹುಡುಗ ಒಳ್ಳೆಯವನೇ, ಆದರೆ ಇವರ ಮನೆಯವರ ಹಾಗಲ್ಲ. 'ಅಳಿಯ ಯಾಕೆ ಹೀಗೆ?' ಎಂದು ಅತ್ತೆ ತಲೆ ಕೆಡಿಸಿಕೊಂಡದ್ದರಿಂದ ಈ ಶಾಸ್ತ್ರ ಬೆಳೆಯಿತು. ಆಮೇಲೆ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಮಾದರಿಗಳ ಬಗ್ಗೆ ಬರೆದ ದಪ್ಪ ಪುಸ್ತಕ ಕೈಗೆ ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ಕೆಲಸಕ್ಕೆ ಹೊರಟ ಹೆಂಗಸರಿಗೆ ಯಾವ ಕೆಲಸ ಹೊಂದುತ್ತದೆಂದು ತಿಳಿಯಲು ಮಗಳು ಪ್ರಶ್ನೆಗಳನ್ನು ಹೊಸೆದಳು. ತಾಯಿ ಓದಿದ್ದು ಕೃಷಿ, ಮಗಳು ರಾಜ್ಯಶಾಸ್ತ್ರ. ಮನಃಶಾಸ್ತ್ರ ಇಬ್ಬರೂ ಕಾಲೇಜಿನಲ್ಲಿ ಕಲಿತದ್ದಲ್ಲ. ಮಗಳು ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದಳು. ಈ ಕೊನೆಯ ಎರಡು ಸಂಗತಿಗಳನ್ನು ಮಾವ ಹೇಳುವುದಿಲ್ಲ, ನಾನು ಸೇರಿಸಿದ್ದು.

ಅಳಿಯ ಅರ್ಥವಾಗದೆ ಹೋದರೆ ನಮ್ಮಲ್ಲಿ ಅತ್ತೆಯಂದಿರು ಹರಕೆ ಹೊರುತ್ತಾರೆ. ಆ ತಾಯಿ-ಮಗಳು ಹದಿನಾರು ಬಗೆಯ ಮನುಷ್ಯರನ್ನು ಕಂಡುಹಿಡಿದರು. ಅದಕ್ಕೆ ನನ್ನ ಗೌರವವಿದೆ.

ಹೋದ ವರ್ಷ ಮಾವ ನನ್ನ ಅಕ್ಕನ ಮಗನನ್ನು ಪರೀಕ್ಷಿಸಿದರು. ಹುಡುಗ ಪಿಯುಸಿಯಲ್ಲಿ ಪಿಸಿಎಂಬಿ ಓದಿದವನು. ಅಮ್ಮನ ಆಸೆಗೆ ಬಯಾಲಜಿ, ಅಪ್ಪನ ಆಸೆಗೆ ಮ್ಯಾಥ್ಸು. ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಅಕ್ಕನ ಮನೆಯ ಹಾಲ್‌ನಲ್ಲಿ ಪರೀಕ್ಷೆ. ಮೂಲ ಪತ್ರಿಕೆಯಲ್ಲಿ 93 ಪ್ರಶ್ನೆಗಳಿವೆ. ಮಾವನ ಹತ್ತಿರ ಇರುವುದು ಜೆರಾಕ್ಸಿನ ಜೆರಾಕ್ಸು, ಕೊನೆಯ ಹಾಳೆ ಎಲ್ಲೋ ಬಿದ್ದುಹೋಗಿದೆ.

"ಜನರ ಮಧ್ಯೆ ಇದ್ದಾಗ ನಿನಗೆ ಹುರುಪು ಬರುತ್ತೋ, ಒಬ್ಬನೇ ಇದ್ದಾಗಲೋ?"

ಎರಡು ರೂಮಿನ ಆ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ತಂಗಿ, ಒಂದು ಟಿವಿ. ಹುಡುಗ ಪ್ರಾಮಾಣಿಕವಾಗಿ ಯೋಚಿಸಿದ. "ಒಬ್ಬನೇ ಅಂದ್ರೆ ಯಾವಾಗ ತಾತ? ಸ್ನಾನಕ್ಕೆ ಹೋದಾಗಲಾ?"

ಅಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಅವನಿಗೆ ಜನ ಅಂದ್ರೆ ಇಷ್ಟ ಮಾವ, ಬರ್ಕೊಳ್ಳಿ. ಚಿಕ್ಕಂದಿನಲ್ಲಿ ಯಾರು ಕರೆದರೂ ಹೋಗಿಬಿಡ್ತಿದ್ದ."

"ಅಮ್ಮಾ, ಅದು ನಂಗೆ ಎರಡು ವರ್ಷ ಇದ್ದಾಗ."

"ಹುಟ್ಟುಗುಣ ಎಲ್ಲಿಗೆ ಹೋಗುತ್ತೆ?"

ಮಾವ ಪೆನ್ನು ಎತ್ತಿ ಹಿಡಿದರು. "ಉತ್ತರ ಅವನೇ ಹೇಳಬೇಕು ಕಣಮ್ಮ. ಇದು ಅವನ ವ್ಯಕ್ತಿತ್ವ."

"ಅವನಿಗೇನು ಗೊತ್ತಾಗುತ್ತೆ?" ಎಂದಳು ಅಕ್ಕ.

ಮುಂದಿನ ಪ್ರಶ್ನೆ: "ನಿರ್ಧಾರ ಮಾಡುವಾಗ ತಲೆ ಹೇಳಿದ್ದು ಕೇಳ್ತೀಯೋ, ಮನಸ್ಸು ಹೇಳಿದ್ದೋ?"

"ನಾವು ಹೇಳಿದ್ದು ಕೇಳ್ತಾನೆ," ಎಂದರು ಭಾವ, ದಿನಪತ್ರಿಕೆ ಮುಖದಿಂದ ಇಳಿಸದೆ. ಅಮೆರಿಕದಲ್ಲಿ ತಯಾರಾದ ಪತ್ರಿಕೆ. ಈ ಉತ್ತರಕ್ಕೆ ಅದರಲ್ಲಿ ಚೌಕವಿಲ್ಲ. ಮಾವ ಸ್ವಲ್ಪ ತಡಕಾಡಿ ಮನಸ್ಸಿಗೇ ಗುರುತು ಹಾಕಿದರು.

"ಪ್ರವಾಸ ಹೊರಡೋ ಮೊದಲು ಎಲ್ಲ ಯೋಜನೆ ಹಾಕ್ಕೊಳ್ತೀಯೋ, ಆದದ್ದಾಗಲಿ ಅಂತ ಹೊರಟುಬಿಡ್ತೀಯೋ?" ಹುಡುಗ ಹುಟ್ಟಿದಾಗಿನಿಂದ ಮಾಡಿದ ಪ್ರವಾಸವೆಂದರೆ ವರ್ಷಕ್ಕೊಂದು ಸಲ ಧರ್ಮಸ್ಥಳ. ಅವನು ಬಾಯಿ ಬಿಡುವಷ್ಟರಲ್ಲಿ ದೇವರ ಮನೆಯಿಂದ ಅಕ್ಕನ ಅತ್ತೆ, "ಈ ಸಲದ್ದು ಇನ್ನೂ ಬಾಕಿ ಇದೆ" ಎಂದು ನೆನಪಿಸಿದರು. ಅಲ್ಲಿಂದ ಮಾತು ಸೌತಡ್ಕಕ್ಕೆ, ಸುಬ್ರಹ್ಮಣ್ಯಕ್ಕೆ ಹೋಗಿ, ಶಿರಾಡಿ ಘಾಟಿಯ ರಸ್ತೆ ಸರಿಯಾಗಿದೆಯೋ ಇಲ್ಲವೋ ಎಂಬಲ್ಲಿ ಸಿಕ್ಕಿಹಾಕಿಕೊಂಡಿತು. ಅದು ಬಿಡಿಸಿಕೊಂಡು ಬರುವ ಹೊತ್ತಿಗೆ ಹನ್ನೊಂದೂವರೆ.

ಫಲಿತಾಂಶ ಬಂತು: ಇಎನ್‌ಎಫ್‌ಜೆ. ಮಾವ ಕನ್ನಡಕ ಸರಿಮಾಡಿಕೊಂಡು, ಹೊಂದುವ ವೃತ್ತಿಗಳನ್ನು ಮಂಗಳವಾದ ದನಿಯಲ್ಲಿ ಓದಿದರು. ಶಿಕ್ಷಕ, ಆಪ್ತಸಮಾಲೋಚಕ, ಸಮಾಜ ಸೇವಕ. ಭಾವನ ಕೈಯಿಂದ ಪತ್ರಿಕೆ ಜಾರಿತು. "ಮೇಷ್ಟ್ರಾ? ಇದರಲ್ಲಿ ಡಾಕ್ಟ್ರು ಎಲ್ಲಿದೆ?"

ಡಾಕ್ಟ್ರು ಇರಲಿಲ್ಲ. ಇಂಜಿನಿಯರಂತೂ ಇರಲೇ ಇಲ್ಲ. ಚೌಕಾಸಿ ಶುರುವಾಯಿತು. "ಒಂದಕ್ಷರ ಆಚೀಚೆ ಮಾಡಿದ್ರೆ?" ಎಂದಳು ಅಕ್ಕ. ದಾಖಲೆಯಲ್ಲಿ ಒಂದು ಸಹಿ ಕಡಿಮೆಯಿದ್ದರೆ ಊರಿನ ಪಟೇಲರ ಸಾಲವನ್ನೂ ತಡೆದಿದ್ದ ಮಾವ, ಸೋದರ ಸೊಸೆಯ ಮುಖ ನೋಡಿ ಕರಗಿದರು. 41ನೇ ಪ್ರಶ್ನೆಯನ್ನು ಮರುಪರಿಶೀಲನೆಗೆ ತೆಗೆದುಕೊಳ್ಳಲಾಯಿತು. ಮನಸ್ಸಿನ ಎಫ್ ಹೋಗಿ ತಲೆಯ ಟಿ ಬಂತು. ಹುಡುಗ ಕಂಪ್ಯೂಟರ್ ಸೈನ್ಸಿಗೆ ಅರ್ಹನಾದ.

ನಗಬೇಡಿ, ಮಾವನ ಕೈಯಲ್ಲಿ ಮಾತ್ರ ಹೀಗಾಗುವುದಲ್ಲ. ಕೆಲವು ವಾರ ಬಿಟ್ಟು ಅದೇ ಮನುಷ್ಯ ಅದೇ ಪರೀಕ್ಷೆ ಬರೆದರೆ ಒಂದೆರಡು ಅಕ್ಷರ ಬದಲಾಗುವುದು ಸಾಮಾನ್ಯ. ಹೆಚ್ಚಿನ ಜನ ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ಪರೀಕ್ಷೆ ನಡುವೆ ಗೆರೆ ಎಳೆದು ಆ ಕಡೆ ಈ ಕಡೆ ಎನ್ನುತ್ತದೆ. ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ 34 ಬಂದವನು ಫೇಲು, 35 ಬಂದವನು ಪಾಸು ಎನ್ನುತ್ತಿದ್ದ ಹಾಗೆ. ಆ ಒಂದು ಅಂಕದಿಂದ ಇಬ್ಬರು ಬೇರೆ ಬೇರೆ ಜಾತಿಯ ಪ್ರಾಣಿಗಳಾಗಿಬಿಡುತ್ತಾರೆಯೆ? ಕೆಲಸಕ್ಕೆ ಆಳುಗಳನ್ನು ಆರಿಸಲು ಇದನ್ನು ಬಳಸಬೇಡಿ ಎಂದು ಎಂಬಿಟಿಐ ಕಡೆಯವರೇ ಹೇಳುತ್ತಾರೆ. ಅದು ಕೇಳುವುದು ಒಲವನ್ನು, ಸಾಮರ್ಥ್ಯವನ್ನಲ್ಲ. ಹಾಡು ಇಷ್ಟವೆಂದ ಮಾತ್ರಕ್ಕೆ ಶ್ರುತಿ ಸೇರಬೇಕೆಂದಿಲ್ಲ, ನಮ್ಮ ಬೀದಿಯ ಗಣೇಶೋತ್ಸವಕ್ಕೆ ಬಂದವರಿಗೆ ಇದು ಗೊತ್ತು.

ಮಾವನಿಗೂ ಶತ್ರುಗಳಿದ್ದಾರೆ. ಬೆರಳಚ್ಚು ತೆಗೆದು ಮಗುವಿನ ಬುದ್ಧಿಯ ಬಗೆ ಹೇಳುತ್ತೇವೆನ್ನುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಡಿಎಂಐಟಿ ಎಂದು ಅದರ ಹೆಸರು. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯಕೀಯ ಸಂಘ 2019ರಲ್ಲಿ ಹೇಳಿದ್ದನ್ನು ಮಾವ ಪ್ರಿಂಟು ತೆಗೆದಿಟ್ಟುಕೊಂಡಿದ್ದಾರೆ. ಎದುರು ಸಿಕ್ಕವರಿಗೆ ತೋರಿಸುತ್ತಾರೆ. "ನಿಮ್ಮದಕ್ಕೆ ಆಧಾರ ಏನಿದೆ ಮಾವ?" ಎಂದು ಒಮ್ಮೆ ಭಾವ ಕೇಳಿದರು. ಮಾವ ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಒಳಗೆ ಹೋದರು.

ಮೈಸೂರಿನ ಅಭಿಮಾನವೂ ಸೇರಿಕೊಂಡಿದೆ. "ಮನಃಶಾಸ್ತ್ರ ನಮ್ಮೂರಿಗೆ ಹೊಸದಲ್ಲ ಕಣೋ" ಎಂದು ಎಂ.ವಿ. ಗೋಪಾಲಸ್ವಾಮಿಯವರ ಹೆಸರೆತ್ತುತ್ತಾರೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ಕಲಿಸಿದ ಪ್ರೊಫೆಸರು. ಆದರೆ ಅದೇ ಪ್ರೊಫೆಸರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದರು, ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಬುದ್ಧಿ ಅಳೆಯುವ ಮೇಷ್ಟ್ರು ಮನೆಯಲ್ಲಿ ಟ್ರಾನ್ಸ್‌ಮಿಟರ್ ಕೂರಿಸುತ್ತಾರೆಂದು ಹದಿನಾರರಲ್ಲಿ ಯಾವ ಚೌಕ ಹೇಳುತ್ತಿತ್ತು, ಮಾವ?

ಚಿಕ್ಕಮ್ಮನ ಮಗಳು ಡಿಗ್ರಿ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಾಳೆ. ಒಂದು ಶ್ರಾದ್ಧದ ಊಟದಲ್ಲಿ ಅವಳು ಬರ್ಟ್ರಂ ಫೋರರ್ ಎಂಬುವನ ಕಥೆ ಹೇಳಿದಳು. 1948ರಲ್ಲಿ ಆತ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರವರ ಫಲಿತಾಂಶ ಎಂದು ಒಂದು ಹಾಳೆ ಹಂಚಿದ. ನಿಮಗೆಷ್ಟು ಹೊಂದುತ್ತದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ಬಂದದ್ದು 4.26. ಹಾಳೆ ಎಲ್ಲರಿಗೂ ಒಂದೇ. ಬಹುಪಾಲು ವಾಕ್ಯಗಳನ್ನು ಆತ ಪೇಪರ್ ಅಂಗಡಿಯಲ್ಲಿ ಸಿಕ್ಕ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದ. ನಾವೆಲ್ಲ ನಕ್ಕೆವು. "ಇದನ್ನೇ ನಮ್ಮ ಜೋಯಿಸರು ಹನ್ನೊಂದು ರೂಪಾಯಿಗೆ ಹೇಳ್ತಿದ್ರು" ಎಂದು ಅತ್ತೆ ವಡೆ ಬಡಿಸಿದರು.

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನನ್ನ ರಿಪೋರ್ಟನ್ನು ಮಾವ ಬಹಳ ಹಿಂದೆಯೇ ಕೊಟ್ಟಿದ್ದಾರೆ: ಮೇಲೆ ಬಿಗಿ, ಒಳಗೆ ಮೃದು, ನನ್ನ ಶಕ್ತಿಯನ್ನು ಜಗತ್ತು ಪೂರ್ತಿ ಬಳಸಿಕೊಂಡಿಲ್ಲ, ಕವಿ ಅಥವಾ ಆಧ್ಯಾತ್ಮಿಕ ಮಾರ್ಗದರ್ಶಕನಾಗಲು ತಕ್ಕವನು. ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಟಿಎ ಬಿಲ್ಲು ನೋಡುವವನು ನಾನು. ಆ ರಿಪೋರ್ಟು ಈಗಲೂ ಬೀರುವಿನಲ್ಲಿ, ಜೀವವಿಮೆಯ ಬಾಂಡಿನ ಜೊತೆಗಿದೆ. ಮೇಲಧಿಕಾರಿ ಬಯ್ದ ದಿನ ತೆಗೆದು ಓದುತ್ತೇನೆ.

ಮಾವ ತಮ್ಮನ್ನೂ ಪರೀಕ್ಷಿಸಿಕೊಂಡಿದ್ದಾರೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ಅವರೇ ಹೇಳಿದರು. ಬಿಎಸ್ಸಿ ಮುಗಿಸಿದಾಗ ಅವರಿಗೆ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದುವ ಆಸೆಯಿತ್ತಂತೆ. ಅವರ ಮನೆಯ ಶೋಕೇಸಿನಲ್ಲಿ ಇಂದಿಗೂ ಗೊಂಬೆಗಳಿಲ್ಲ, ಕಲ್ಲುಗಳಿವೆ. ಎಲ್ಲಿ ವರ್ಗವಾಗಿ ಹೋದರೂ ಆರಿಸಿ ತಂದವು. ಅವರ ಅಪ್ಪ, ಅಂದರೆ ನನ್ನ ತಾತ, ಬ್ಯಾಂಕಿನ ಅರ್ಜಿ ತಂದರು, ತುಂಬಿದರು, ಸಹಿ ಮಾಡು ಎಂದರು. ನಿವೃತ್ತಿಯ ಹೊತ್ತಿಗೆ ಬರೆದ ಪರೀಕ್ಷೆಯಲ್ಲಿ ಮಾವನಿಗೆ ಬಂದದ್ದು ಇಎಸ್‌ಟಿಜೆ; ಹೊಂದುವ ವೃತ್ತಿಗಳ ಪಟ್ಟಿಯಲ್ಲಿ ಬ್ಯಾಂಕ್ ಮ್ಯಾನೇಜರ್ ಮೇಲೆಯೇ ಇತ್ತು. "ನಮ್ಮಪ್ಪ ಒಂದು ಪ್ರಶ್ನೆಯನ್ನೂ ಕೇಳದೆ ಸರಿಯಾಗೇ ಹೇಳಿಬಿಟ್ಟಿದ್ದರಲ್ಲೋ" ಎಂದರು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯಲಿಲ್ಲ. 35 ವರ್ಷ ಲೆಡ್ಜರಿನ ಕಾಲಂ ಕೂಡಿಸಿದವರನ್ನು ಹಿಡಿದು, ನಿಮಗೆ ಅಚ್ಚುಕಟ್ಟು ಇಷ್ಟವೋ ಎಂದು ಕೇಳಿದರೆ ಇನ್ನೇನು ಹೇಳಿಯಾರು? ಅಲ್ಲಿ ಉತ್ತರ ಬರೆದದ್ದು ಬ್ಯಾಂಕು.

ಅವತ್ತು ಅಕ್ಕನ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಊಟವಾಗಿ ಎಲ್ಲರೂ ಉರುಳಿಕೊಂಡಿದ್ದಾಗ ಹುಡುಗ ಟೆರೇಸಿನ ಮೆಟ್ಟಿಲ ಮೇಲೆ ಮಾವನ ಪಕ್ಕ ಕೂತು, "ತಾತ, ಇನ್ನೂ ಪ್ರಶ್ನೆ ಇದ್ವಲ್ಲ, ಕೇಳಿ" ಎಂದ. ಮಾವ ಫೈಲು ಕೆಳಗೇ ಬಿಟ್ಟು ಬಂದಿದ್ದರು, ಬಾಯಿಗೆ ಬಂದದ್ದು ಕೇಳಿದರು. ಹುಡುಗ ಮಾತಾಡಿದ. ಅವನ ಬಾಯಿಂದ ಅಷ್ಟು ಮಾತು ನಾನು ಕೇಳಿರಲಿಲ್ಲ. ನಗರ ಬಸ್ ನಿಲ್ದಾಣದಿಂದ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವ ಸರ್ಕಲ್ಲಿನಲ್ಲಿ ಯಾಕೆ ನಿಂತುಹೋಗುತ್ತದೆ, ಒಂದು ತಿರುವು ಬದಲಿಸಿದರೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ಅವನು ಕಾಲೇಜಿಗೆ ಹೋಗಿಬರುತ್ತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನಂತೆ. ಮಾವ ನಾಲ್ಕಕ್ಷರ ಹೇಳಲಿಲ್ಲ. "ಅಗ್ರಹಾರದ ಸರ್ಕಲ್ಲು ಹೇಳು ನೋಡೋಣ" ಎಂದರು.

ಬೋಸ್ಟನ್ನಿನಲ್ಲಿ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದ ಫ್ರಾಂಕ್ ಪಾರ್ಸನ್ಸ್‌ನ ಪುಸ್ತಕ 1909ರಲ್ಲಿ, ಆತ ತೀರಿಕೊಂಡ ಮೇಲೆ, ಬಂತು. ಹುಡುಗನಿಗೆ ತನ್ನ ಬಗ್ಗೆ ತಿಳಿಯಲಿ, ಕೆಲಸಗಳ ಬಗ್ಗೆ ತಿಳಿಯಲಿ, ಎರಡನ್ನೂ ಕೂಡಿಸಿ ಅವನೇ ಯೋಚಿಸಲಿ; ನಾವು ಎದುರು ಕೂತು ಮಾತಾಡಿಸಬೇಕು. ಆತ ಹೇಳಿದ್ದು ಇಷ್ಟೇ. ಮಾವ ಆ ಮೆಟ್ಟಿಲ ಮೇಲೆ ಮಾಡಿದ್ದೂ ಇದನ್ನೇ. ಅವರಿಗೆ ಹಾಗಂದರೆ, ಅದು ಪರೀಕ್ಷೆಯಲ್ಲ, ಹರಟೆ ಎನ್ನುತ್ತಾರೆ. ಈಗ ಅವರು ಹಾಲಂಡ್ ಎಂಬುವನ ಆರು ಗುಂಪುಗಳ ಹೊಸ ಪತ್ರಿಕೆ ತರಿಸಿದ್ದಾರೆ. ಕೆಲಸಗಳ ಮೇಲಿನ ಆಸಕ್ತಿಯನ್ನು ನೇರವಾಗಿ ಕೇಳುವುದರಿಂದ ಅದು ಹಳೆಯದಕ್ಕಿಂತ ವಾಸಿ ಎಂದು ಮನಃಶಾಸ್ತ್ರದ ತಂಗಿಯೂ ಒಪ್ಪುತ್ತಾಳೆ. ಕೊನೆಯ ಹಾಳೆಯೂ ಇದೆ.

ಹುಡುಗನ ದಾರಿಯನ್ನು ಕೊನೆಗೆ ತೀರ್ಮಾನಿಸಿದ್ದು ಸಿಇಟಿ ರ‍್ಯಾಂಕು. ಅದಕ್ಕೆ ಇ ಗೊತ್ತಿಲ್ಲ, ಐ ಗೊತ್ತಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಕಂಪ್ಯೂಟರ್ ಸೈನ್ಸು ಕೈಗೆ ಎಟುಕದೆ ಸಿವಿಲ್ ಬಂತು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹುಡುಗ ಮಾಡಿದ.

ಇಂಥವರು ಈ ಬೇಸಿಗೆಯಲ್ಲಿ ನಿಮ್ಮ ಮನೆಗೂ ಬರುತ್ತಾರೆ. ಗೇಟು ಹಾಕಿಕೊಳ್ಳಬೇಡಿ. ಕಾಫಿ ಕೊಡಿ, ಹುಡುಗನನ್ನೋ ಹುಡುಗಿಯನ್ನೋ ಎದುರು ಕೂರಿಸಿ. ರಿಪೋರ್ಟು ಕೊಟ್ಟರೆ ತೆಗೆದಿಟ್ಟುಕೊಳ್ಳಿ, ಬೀರುವಿನಲ್ಲಿ ಜಾಗವಿರುತ್ತದೆ. ಆದರೆ ಮೊದಲನೇ ಪ್ರಶ್ನೆ ಕೇಳುವ ಮುಂಚೆ ಅಪ್ಪ ಅಮ್ಮನ ಕೈಗೆ ಒಂದು ಚೀಲ ಕೊಟ್ಟು ಮಾರ್ಕೆಟ್ಟಿಗೆ ಕಳಿಸಿಬಿಡಿ. ಇಬ್ಬರನ್ನೂ.