ಮನೆ ಮಾರಾಟಕ್ಕಿದೆ, ನೀವು ಸ್ವಲ್ಪ ಪಕ್ಕಕ್ಕೆ ಸರೀರಿ

ಮನೆ ಮಾರೋದು ಅಂತ ತೀರ್ಮಾನ ಆಯ್ತಾ? ಸಂತೋಷ. ಹಾಗಾದ್ರೆ ಗೇಟಿನಾಚೆ ಹೋಗಿ, ಗಿರಾಕಿ ಥರ ಬೆಲ್ ಒತ್ತಿ ಒಳಗೆ ಬನ್ನಿ ನೋಡೋಣ. ಬೆಲ್ ಹೊಡೀತಾ ಇಲ್ಲ, ಅಲ್ವಾ? ಅದು ಹಾಲಿನವನಿಗೆ ಗೊತ್ತು, ಹೂವಿನವಳಿಗೆ ಗೊತ್ತು. ಕೋಟಿಗಟ್ಟಲೆ ಕೊಡೋಕೆ ಬಂದವನಿಗೆ ಮಾತ್ರ ಗೊತ್ತಿಲ್ಲ ನೋಡಿ, ಪಾಪ ಬಿಸಿಲಲ್ಲಿ ನಿಂತಿದ್ದಾನೆ.

ನಿಮ್ಮ ವಾದ ಏನು ಅಂತಲೂ ಗೊತ್ತು. 'ಆಗಿನ ಕಾಲದ ಕಟ್ಟಡ ಕಣ್ರೀ, ಮೊಳೆ ಹೊಡೆದ್ರೆ ಇಳಿಯಲ್ಲ!' ಒಪ್ಪಿದೆ. ಬೆಂಗಳೂರಲ್ಲಿ 30-40 ಸೈಟಿನ ಮನೆ ಇರೋರೆಲ್ಲ ಇದೇ ಡೈಲಾಗ್ ಹೊಡೀತಾರೆ. ಆದ್ರೆ ಬರೋ ಗಿರಾಕಿ ಸುತ್ತಿಗೆ ತಂದಿರಲ್ಲ, ಕಣ್ಣು ಮೂಗು ತಂದಿರ್ತಾನೆ.

ಅದಕ್ಕೇ ಮೊದಲ ಕೆಲಸ ಸಜ್ಜದ ಮೇಲೆ. ಏಣಿ ಹಾಕಿ ಹತ್ತಿ. ಏನೇನಿದೆ? ಟೀವಿ ಡಬ್ಬ (ಟೀವಿ ಗುಜರಿಗೆ ಹೋಗಿ ಯಾವ ಕಾಲ ಆಯ್ತೋ, ಥರ್ಮಕೋಲ್ ಮಾತ್ರ ಭದ್ರ). ಮದುವೆಗೆ ಬಂದ ಲೆಮನ್ ಸೆಟ್ಟು, ಇನ್ನೂ ಗಿಫ್ಟ್ ಪೇಪರಲ್ಲೇ. ಬೇರೆ ಯಾರ ಮದುವೆಗಾದ್ರೂ ಸಾಗಹಾಕೋಣ ಅಂತಿದ್ರಿ, ಡಬ್ಬದ ಮೇಲೆ ಕೊಟ್ಟವರ ಹೆಸರು ಇದ್ದಿದ್ದರಿಂದ ಉಳ್ಕೊಂಡಿತು. ಹೌದು ತಾನೇ?

ಅದನ್ನೆಲ್ಲ ಯಾಕೆ ಖಾಲಿ ಮಾಡಬೇಕು ಅಂತೀರಾ? ಗಿರಾಕಿ ಒಳಗೆ ಬರೋವಾಗಲೇ ಮನಸ್ಸಲ್ಲಿ ತನ್ನ ಬೀರು, ತನ್ನ ಮಂಚ ಹೊತ್ಕೊಂಡು ಬರ್ತಾನೆ. ನಿಮ್ಮ ದಿವಾನು, ಷೋಕೇಸು, ಬಟ್ಟೆ ಒಣಗಿಸೋಕಂತಲೇ ಮೂವತ್ತು ಸಾವಿರ ಕೊಟ್ಟು ತಂದ ಟ್ರೆಡ್‌ಮಿಲ್ಲು ಅಡ್ಡ ಕೂತಿದ್ರೆ ಅವನು ಎಲ್ಲಿ ಇಳಿಸಬೇಕು? ಗೋಡೆ ನೋಡೋಣ ಅಂದ್ರೆ ಬ್ಯಾಂಕಿನ ಕ್ಯಾಲೆಂಡರು, ಒಡವೆ ಅಂಗಡಿ ಕ್ಯಾಲೆಂಡರು, ಹಾಲಿನ ಲೆಕ್ಕದ್ದು ಇನ್ನೊಂದು. (ಹೋದ ವರ್ಷದ್ದನ್ನೂ ಬಿಟ್ಟಿದ್ದೀರಿ, ಅದರಲ್ಲಿ ದೇವರ ಫೋಟೋ ಇದೆ ಅಂತ.)

ಇನ್ನು ಬಣ್ಣ. ಸತ್ಯ ಹೇಳಿ, ಬಚ್ಚಲಮನೆ ಪಕ್ಕದ ಒಂದೇ ಒಂದು ಗೋಡೆಗೆ ಮೊನ್ನೆ ಪೇಂಟ್ ಹೊಡೆಸಿದ್ರಿ ಅಲ್ವಾ? ಊರಿಗೆಲ್ಲ ಗೊತ್ತಾಗೋದೇ ಅದರಿಂದ! ನಾಲ್ಕು ಗೋಡೆಯಲ್ಲಿ ಒಂದು ಮಾತ್ರ ಫಳಫಳ ಅಂದ್ರೆ ಸೀಪೇಜ್ ಅಲ್ಲೇ ಇದೆ ಅಂತ ಚಿಕ್ಕ ಮಗುವೂ ಹೇಳುತ್ತೆ. ಒಳಗಿನ ತೇವ ಗೋಡೆಯ ಉಪ್ಪನ್ನು ಹೊರಗೆ ತಳ್ಕೊಂಡು ಬರುತ್ತೆ, ಅದು ಬಣ್ಣವನ್ನು ಹಪ್ಪಳ ಎಬ್ಬಿಸುತ್ತೆ. ಮೊದಲು ಟೈಲ್ಸ್ ಸಂದು, ಪೈಪಿನ ಕೀಲು, ತಾರಸಿಯ ನೀರು ಹೋಗೋ ತೂತು ಸರಿಮಾಡಿಸಿ, ಗೋಡೆ ಒಣಗೋಕೆ ಬಿಡಿ, ಆಮೇಲೆ ಬ್ರಷ್ ಮುಟ್ಟಿ.

'ಬೇಸಿಗೆಯಲ್ಲಿ ತೋರಿಸಿಬಿಡೋಣ, ಎಲ್ಲಾ ಒಣಗಿರುತ್ತೆ' ಅಂತ ಒಳಗೊಳಗೇ ಲೆಕ್ಕ ಹಾಕಿದ್ರಾ? ಭಲೇ. ಆದ್ರೆ ಜಾಣ ಗಿರಾಕಿ ಮಳೆ ಸುರಿದ ಮರುದಿನ, ಫೋನೂ ಮಾಡದೆ, 'ಈ ಕಡೆ ಬಂದಿದ್ವಿ' ಅಂತ ಬರ್ತಾನೆ. ನೀವು ಬಕೆಟ್ ಇಟ್ಟಿರೋ ಜಾಗದಲ್ಲೇ ಬಂದು ನಿಲ್ತಾನೆ. (ಆಷಾಢ, ಪಿತೃಪಕ್ಷ ಬಂದ್ರೆ ಮಾತ್ರ ಆ ಜಾಣನೂ ಬರಲ್ಲ. ರಿಪೇರಿಗೆ ಅದಕ್ಕಿಂತ ಒಳ್ಳೇ ಪುರುಸೊತ್ತು ಸಿಗಲ್ಲ.)

ಖರ್ಚು ಮಾಡೋ ಹುಮ್ಮಸ್ಸಲ್ಲಿ ಒಂದು ಅನಾಹುತ ಮಾತ್ರ ಮಾಡ್ಕೋಬೇಡಿ. ಹಳೇ ರೆಡ್ ಆಕ್ಸೈಡ್ ನೆಲ ಇದ್ರೆ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸೋಕೆ ಹೋಗಬೇಡಿ. ನಿಮ್ಮಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸ್ತಿದ್ದ ಆ ನೆಲವನ್ನೇ ಈಗಿನವರು ಆರ್ಕಿಟೆಕ್ಟ್ ಹಿಡಿದು, ಕೆಲಸ ಬಲ್ಲ ಮೇಸ್ತ್ರಿ ಹುಡುಕಿ ಮಾಡಿಸ್ತಾರೆ. ನೀವು ಅದನ್ನು ಮುಚ್ಚೋಕೆ ದುಡ್ಡು ಕೊಡ್ತೀರಾ?

ಗಿರಾಕಿ ಜೊತೆ ಒಬ್ಬ ಮಾವ ಬಂದೇ ಬರ್ತಾರೆ, ಸಿದ್ಧವಾಗಿರಿ. ದುಡ್ಡು ಅವರದಲ್ಲ, ಅಭಿಪ್ರಾಯ ಮಾತ್ರ ಅವರದು. ಫೋನಲ್ಲಿ ಕಂಪಾಸ್ ಆನ್ ಮಾಡಿ ಅಡುಗೆಮನೆ ಆಗ್ನೇಯದಲ್ಲಿದೆಯಾ, ಸಂಪು ಈಶಾನ್ಯದಲ್ಲಿದೆಯಾ ಅಂತ ಹಜಾರದ ತುಂಬ ಓಡಾಡ್ತಾರೆ. ಕಬ್ಬಿಣದ ಗ್ರಿಲ್ ಪಕ್ಕ ನಿಂತು ನೋಡಿದ್ರೆ ಆ ಕಂಪಾಸ್ ದಿಕ್ಕು ತಪ್ಪುತ್ತೆ. ಅದಕ್ಕೇ ಅವರನ್ನು ನಯವಾಗಿ ನಡುಮನೆಗೆ ಕರ್ಕೊಂಡು ಬನ್ನಿ. (ಗ್ರಿಲ್ ಪಕ್ಕ ನಿಂತಾಗಲೇ ದಿಕ್ಕು ನಿಮಗೆ ಅನುಕೂಲವಾಗಿ ಬಂದ್ರೆ? ಛೆ, ನಾನೇನೂ ಹೇಳಿಲ್ಲ.)

ಇಷ್ಟೆಲ್ಲ ತೊಳೆದು ಬಳಿದ ನೀವು ಬೀರುವಿನ ಆ ಹಸಿರು ಫೈಲು ತೆಗೆದು ನೋಡಿದ್ರಾ? ಮದರ್ ಡೀಡ್, ಇಸಿ, ಕಂದಾಯದ ರಸೀತಿ, ಮಂಜೂರಾದ ಪ್ಲಾನು? ಬೆಂಗಳೂರಲ್ಲಿ 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ದೆ ರಿಜಿಸ್ಟ್ರೇಷನ್ ಇಲ್ಲ. ನಿಮ್ಮ ಖಾತಾ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ, ಅಲ್ವಾ? ಪ್ಲಾನಲ್ಲಿ ಒಂದೇ ಮಹಡಿ, ನಿಂತಿರೋದು ಮೂರು. (ಮೇಲಿನದ್ದಕ್ಕೆ 'ಶೀಟ್ ಹಾಕಿದ್ದೀವಿ ಅಷ್ಟೇ' ಅಂತೀರಿ. ಆ ಶೀಟ್ ಕೆಳಗೆ ಇಬ್ಬರು ಬಾಡಿಗೆದಾರರಿದ್ದಾರೆ.) ಗಿರಾಕಿ ನಕ್ಕು ಸುಮ್ಮನಾಗಬಹುದು, ಅವನಿಗೆ ಸಾಲ ಕೊಡೋ ಬ್ಯಾಂಕಿನ ವಕೀಲರು ಸುಮ್ಮನಾಗಲ್ಲ.

ಅಕ್ಕನಿಗೆ ಹೇಳಿದ್ದೀರಾ? ಗಂಟಲು ಕೆರೀತಾ ಇದೆಯಾ? ಅಪ್ಪನ ಸ್ವಯಾರ್ಜಿತ ಮನೆ, ವಿಲ್ ಬರೀದೇ ಹೋದ್ರು ಅಂದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳಿಗೂ ಪಾಲಿದೆ. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಆಕೆಯನ್ನು ಮಗನಿಗೆ ಸರಿಸಮ ಕೂರಿಸಿದೆ. ಪೇಂಟರ್‌ಗಿಂತ ಮುಂಚೆ ಅಕ್ಕನಿಗೆ ಫೋನ್ ಹೋಗಬೇಕಿತ್ತು ಸ್ವಾಮಿ. ಗೌರಿ ಹಬ್ಬದ ಬಾಗಿನ ಕೊಟ್ಟು ಬಂದಾಯ್ತು ಅಂತ ಸಹಿ ಬರಲ್ಲ.

ಸರಿ, ಮನೆ ಥಳಥಳ, ಫೈಲು ಭದ್ರ. ಈಗ ಉಳಿದಿರೋ ಒಂದೇ ಒಂದು ಲೋಪ ಯಾವುದು ಗೊತ್ತಾ? ನೀವು! ಗಿರಾಕಿ ಬಂದು ಸೋಫಾದಲ್ಲಿ ಕೂತಿದ್ದೇ ತಡ, ಶುರು. 'ಈ ಹಾಲಲ್ಲೇ ಮಗಳ ನಾಮಕರಣ, ಇನ್ನೂರು ಎಲೆ ಬಿತ್ತು. ಈ ಕಿಟಕಿ ನಮ್ಮ ತಂದೆ ಸಾಗರದಿಂದ ಮರ ತರಿಸಿ ಮಾಡಿಸಿದ್ದು.' ಅವನು ಬಂದಿರೋದು ಕಾರು ಒಳಗೆ ಹಿಡಿಸುತ್ತಾ, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಕೇಳೋಕೆ.

ಅಷ್ಟಕ್ಕೇ ನಿಲ್ಲಿಸ್ತೀರಾ? ಇಲ್ಲ. ಮಾತಿನ ಭರದಲ್ಲಿ 'ಪಕ್ಕದ ಮನೆಯವರು ಒಳ್ಳೇವ್ರೇ, ಆ ಕಾಂಪೌಂಡ್ ವಿಷಯ ಒಂದು ಬಿಟ್ರೆ' ಅಂದುಬಿಡ್ತೀರಿ. ಒಳಗಿಂದ ನಿಮ್ಮ ಮನೆಯವರ ಕೆಮ್ಮು ಕೇಳುತ್ತೆ. ಗಿರಾಕಿ ಕಾಫಿ ಲೋಟ ಕೆಳಗಿಡ್ತಾನೆ. (ಕಾಂಪೌಂಡ್ ತಕರಾರು ಮುಚ್ಚಿಡಿ ಅಂತ ಹೇಳ್ತಿಲ್ಲ, ಅದನ್ನು ಬಗೆಹರಿಸಿಕೊಂಡು ಕೂರಿ ಅಂತಿದ್ದೀನಿ.)

ರೇಟಿಗೆ ಬರೋಣ. ನೀವು ಲೆಕ್ಕಕ್ಕೆ ಸೇರಿಸಿರೋದು ಕಿಟಕಿ, ನಾಮಕರಣ, ಅಪ್ಪನ ಬೆವರು. ಅವನು ಹಿಡ್ಕೊಂಡಿರೋದು ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. 50 ಲಕ್ಷ ದಾಟಿದ ಮನೆಗೆ ಶೇ 1 ಟಿಡಿಎಸ್ ಮುರಿದುಕೊಂಡೇ ಕೊಡ್ತಾನೆ. ಮೋಸ ಅಂತ ಕೂಗಬೇಡಿ, ಅದು ನಿಮ್ಮ ತೆರಿಗೆ ಲೆಕ್ಕಕ್ಕೇ ಜಮಾ ಆಗುತ್ತೆ. 'ಸ್ವಲ್ಪ ವೈಟು, ಸ್ವಲ್ಪ ಬ್ಲ್ಯಾಕು' ಅಂತ ಕಣ್ಣು ಮಿಟುಕಿಸೋದೂ ಬೇಡ. 20,000 ರೂಪಾಯಿ ಮುಟ್ಟಿದ ಮೇಲೆ ನಗದು ತಗೊಳ್ಳೋ ಹಾಗಿಲ್ಲ, ಸಿಕ್ಕಿಬಿದ್ರೆ ತಗೊಂಡಷ್ಟೇ ದಂಡ.

ಕೊನೇ ಏಟು ಬಸವನಗುಡಿ, ಮಲ್ಲೇಶ್ವರ, ಜಯನಗರದವರಿಗೆ. ನೀವು ಬಣ್ಣ ಬಳಿದು, ಬೆಲ್ ರಿಪೇರಿ ಮಾಡಿಸಿ ಕಾಯ್ತಾ ಇರ್ತೀರಿ. ಬಂದವನು ಒಳಗೂ ಬರದೆ, ರಸ್ತೆಯಲ್ಲೇ ನಿಂತು, 'ಸೈಟು 1,200 ಅಡಿ ಪೂರ್ತಿ ಇದೆ ತಾನೇ? ಕಟ್ಟಡ ಹೇಗೂ ಕೆಡವ್ತೀವಿ' ಅಂತಾನೆ. ಅದಕ್ಕೇ ಪೇಂಟರ್‌ನ ಕರೆಯೋ ಮುಂಚೆ ನಿಮ್ಮ ರಸ್ತೆಯಲ್ಲಿ ಈಚೆಗೆ ಮಾರಿದ ಮನೆಗಳಲ್ಲಿ ಎಷ್ಟು ಇನ್ನೂ ನಿಂತಿವೆ ಅಂತ ಒಂದು ರೌಂಡ್ ಹಾಕಿ ಬನ್ನಿ. ಕೆಡವೋರಿಗೆ ಮಾರೋದಾದ್ರೆ ಬಣ್ಣದ ದುಡ್ಡು ಸರ್ವೆಯವನಿಗೆ ಕೊಡಿ, ಅಳತೆ ಸರಿಯಾಗಿರಲಿ. ಸಿಟ್ಟು ಬಂತಾ? ಬರಲಿ. ಆದ್ರೆ ಅವನ ರೇಟು ಹೆಚ್ಚಿದ್ರೆ ನೀವೂ ಅವನಿಗೇ ಕೊಡ್ತೀರಿ, ಸುಮ್ಮನಿರಿ.

ಆಮೇಲೆ ಆ ದುಡ್ಡು ಇಟ್ಕೊಂಡು ಭಾನುವಾರ ಕನಕಪುರ ರಸ್ತೆ ಕಡೆ ನೀವೇ ಮನೆ ನೋಡೋಕೆ ಹೋಗ್ತೀರಲ್ಲ, ಆಗ ನೋಡಬೇಕು ನಿಮ್ಮ ಗತ್ತು! ಗೋಡೆ ತಟ್ಟೋದೇನು, ಬಚ್ಚಲಮನೆ ನಲ್ಲಿ ತಿರುವೋದೇನು, 'ಅಡುಗೆಮನೆ ಚಿಕ್ಕದಾಯ್ತು' ಅಂತ ಮೂಗು ಮುರಿಯೋದೇನು. ಜೊತೆಗೆ ಕಂಪಾಸ್ ಹಿಡಿದ ನಿಮ್ಮ ಮಾವ ಬೇರೆ. ಅಲ್ಲಿನ ಮಾಲೀಕರು 'ಈ ಹಾಲಲ್ಲೇ ನಮ್ಮ ಮಗನ ಉಪನಯನ' ಅಂತ ಶುರುಮಾಡಿದ್ರೆ ಪುಣ್ಯಾತ್ಮರೇ, ಎರಡು ನಿಮಿಷ ಕೇಳಿಸ್ಕೊಳ್ಳಿ, ಊಟಕ್ಕೆ ಏನೇನು ಮಾಡಿಸಿದ್ರು ಅಂತಲೂ ವಿಚಾರಿಸಿ. (ಹತ್ತು ಲಕ್ಷ ಕಡಿಮೆಗೆ ಕೇಳೋಕೆ ಅದಕ್ಕಿಂತ ಒಳ್ಳೇ ಮುಹೂರ್ತ ಸಿಗಲ್ಲ.)